ಬ್ಯಾಟರಿ ಬದಲಿಸಿದ ಮೇಲೆ ಹೊಗೆ ತಪಾಸಣೆಯಲ್ಲಿ ‘ಸಿದ್ಧವಿಲ್ಲ’. ಇತ್ತ ನೋಂದಣಿ ನವೀಕರಣವೂ ನಿಂತಿದೆ

ಪ್ರಶ್ನೆ: ಹಳೆಯ ಕಾರಿನವ

ಎಲ್ಲರಿಗೂ ನಮಸ್ಕಾರ. ನನ್ನ ಕಾರಿಗೆ ಈಗ ಹನ್ನೊಂದು ವರ್ಷ. ನೋಂದಣಿ ನವೀಕರಣದ ಗಡುವಿಗೆ ಇನ್ನೂ ಮೂರು ವಾರ ಇರುವಾಗಲೇ, ಕೊನೆಯ ಗಳಿಗೆಯ ಓಡಾಟ ಬೇಡವೆಂದು, ಹೊಗೆ ತಪಾಸಣೆಗೆ ದಿನ ಗೊತ್ತುಮಾಡಿಕೊಂಡಿದ್ದೆ. ಅದರ ಹಿಂದಿನ ದಿನ ಬ್ಯಾಟರಿ ಪೂರ್ತಿ ಕೈಕೊಟ್ಟಿತು, ಹೊಸದನ್ನು ಹಾಕಿಸಿದೆ. ಮುಂದಿನ ಪಾಡೆಲ್ಲ ಅಲ್ಲಿಂದಲೇ ಶುರುವಾಯಿತು.

ತಪಾಸಣಾ ಕೇಂದ್ರದಲ್ಲಿ ಸೈಲೆನ್ಸರಿನೊಳಗೆ ನಳಿಕೆ ಇಡಲೇ ಇಲ್ಲ. ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ಒಂದು ಕೇಬಲ್ ಸಿಕ್ಕಿಸಿ, ಎರಡು ನಿಮಿಷದಲ್ಲಿ ಒಂದು ಚೀಟಿ ಮುದ್ರಿಸಿ ಕೈಗಿತ್ತರು. ‘ದೋಷ ಸಂಕೇತಗಳು: ಇಲ್ಲ’ ಎಂದು ಮೇಲೆ ಬರೆದಿತ್ತು. ಅದರ ಕೆಳಗೆ ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್, ಸೆನ್ಸರ್ ಹೀಟರ್, ಇಂಧನ ಆವಿ ಎಂಬ ನಾಲ್ಕು ಸಾಲುಗಳ ಮುಂದೆ ‘ಸಿದ್ಧವಿಲ್ಲ’ ಎಂದೂ, ಎಲ್ಲಕ್ಕಿಂತ ಕೆಳಗೆ ದಪ್ಪ ಅಕ್ಷರದಲ್ಲಿ ‘ತಿರಸ್ಕೃತ’ ಎಂದೂ ಇತ್ತು. ದೋಷವೇನೆಂದು ಕೇಳಿದರೆ, ದೋಷವೇನೂ ಇಲ್ಲ, ಸ್ವಲ್ಪ ದಿನ ಓಡಿಸಿಕೊಂಡು ಬನ್ನಿ ಎಂದರು. ದೋಷವಿಲ್ಲದ್ದನ್ನು ತಿರಸ್ಕರಿಸುವುದು ಹೇಗೆ ಎಂಬ ಪ್ರಶ್ನೆಯನ್ನು ನುಂಗಿಕೊಂಡು ಹೊರಬಂದೆ.

ಒಂದು ವಾರ ದಿನವೂ ಕೆಲಸಕ್ಕೆ ಅದರಲ್ಲೇ ಹೋಗಿಬಂದು ಮತ್ತೆ ಹೋದಾಗ ಸೆನ್ಸರಿನ ಎರಡು ಸಾಲುಗಳು ಸರಿಹೋಗಿದ್ದವು. ಕ್ಯಾಟಲಿಸ್ಟ್ ಮತ್ತು ಇಂಧನ ಆವಿ ಹಾಗೆಯೇ ಇದ್ದವು. ಜೊತೆಗೆ ಹೊಸ ತಕರಾರೊಂದು ಎದ್ದಿತು. ಯಂತ್ರವು ಕಾರಿನ ಕಂಪ್ಯೂಟರಿನಿಂದ ಓದಿಕೊಂಡ ಚಾಸಿ ಸಂಖ್ಯೆಗೂ ನೋಂದಣಿ ಪುಸ್ತಕದಲ್ಲಿರುವ ಸಂಖ್ಯೆಗೂ ತಾಳೆಯಾಗುತ್ತಿಲ್ಲವಂತೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ನೋಡಿದಾಗ ಹನ್ನೆರಡನೆಯ ಸ್ಥಾನದಲ್ಲಿ ಸಿಕ್ಕಿಬಿತ್ತು: ಸೊನ್ನೆ ಇರಬೇಕಾದಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಕೂತಿದೆ. ಹನ್ನೊಂದು ವರ್ಷಗಳಲ್ಲಿ ಎಷ್ಟೋ ಮೇಜುಗಳ ಮೇಲೆ ಹಾದುಹೋದ ಆ ಪುಸ್ತಕದಲ್ಲಿ ಇದು ನನ್ನನ್ನೂ ಸೇರಿಸಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈಗ ನವೀಕರಣದ ಕಿಟಕಿಯವರು ತಪಾಸಣೆಯ ಪ್ರಮಾಣಪತ್ರವಿಲ್ಲದೆ ಅರ್ಜಿ ಮುಟ್ಟುವುದಿಲ್ಲ. ತಪಾಸಣೆಯವರು ದಾಖಲೆ ಸರಿಯಾಗದೆ ಪ್ರಮಾಣಪತ್ರ ಕೊಡುವುದಿಲ್ಲ. ದಾಖಲೆ ತಿದ್ದುವವರು ನವೀಕರಣ ಬಾಕಿ ಇರುವ ವಾಹನದ ಕಡತ ತೆರೆಯುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಇಷ್ಟು ದಿನ ಬೇರೆಯವರ ಮೇಲೆ ಪ್ರಯೋಗಿಸುತ್ತಿದ್ದೆ. ಗಡುವಿಗೆ ಇನ್ನು ಒಂಬತ್ತು ದಿನ. ಅದು ಮುಗಿದರೆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ, ಓಡಿಸದಿದ್ದರೆ ಅದು ‘ಸಿದ್ಧ’ವಾಗುವುದಿಲ್ಲ. ಒಂದು ವಾರ ಓಡಿಸಿದರೂ ಆ ಎರಡು ಸಾಲುಗಳು ಏಕೆ ಬದಲಾಗಲಿಲ್ಲ? ಆ ಒಂದು ಅಕ್ಷರವನ್ನು ತಿದ್ದಿಸಲು ಯಾವ ದಾರಿ ಹಿಡಿಯಬೇಕು? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಗ್ರೀಸ್ ಕೈ

ಮೊದಲ ಪ್ರಶ್ನೆಗೆ ಮಾತ್ರ ನಾನು ಉತ್ತರಿಸಬಲ್ಲೆ. ಕಚೇರಿಯ ವ್ಯವಹಾರ ನನಗೆ ಅರ್ಥವಾಗದು.

ನಿಮ್ಮ ಕಾರಿನ ಕಂಪ್ಯೂಟರ್ ತನ್ನ ಹೊಗೆ ನಿಯಂತ್ರಣದ ಭಾಗಗಳನ್ನು ತಾನೇ ಪರೀಕ್ಷಿಸಿಕೊಂಡು, ಯಾವ ಪರೀಕ್ಷೆ ಮುಗಿದಿದೆ, ಯಾವುದು ಮುಗಿದಿಲ್ಲ ಎಂದು ನೆನಪಿಟ್ಟುಕೊಳ್ಳುತ್ತದೆ. ಬ್ಯಾಟರಿ ಕಳಚಿದರೆ ಆ ನೆನಪು ಅಳಿಸಿಹೋಗಿ ಎಲ್ಲವೂ ಮೊದಲಿನಿಂದ ಆಗಬೇಕಾಗುತ್ತದೆ. ‘ಸಿದ್ಧವಿಲ್ಲ’ ಎಂದರೆ ಕೆಟ್ಟಿದೆ ಎಂದಲ್ಲ, ‘ಇನ್ನೂ ನೋಡಿಲ್ಲ’ ಎಂದಷ್ಟೇ. ಎಂಜಿನ್ ಮಿಸ್‌ಫೈರ್ ಆಗುತ್ತಿದೆಯೇ, ಇಂಧನದ ಅಳತೆ ಸರಿಯಿದೆಯೇ ಎಂಬ ಪರೀಕ್ಷೆಗಳು ಎಂಜಿನ್ ಓಡುತ್ತಿರುವಷ್ಟು ಹೊತ್ತೂ ನಡೆಯುತ್ತವೆ. ಉಳಿದವು ತಮಗೆ ಬೇಕಾದ ಸನ್ನಿವೇಶ ಒದಗಿಬಂದಾಗ ಮಾತ್ರ ನಡೆಯುತ್ತವೆ. ಎಷ್ಟು ದಿನ ಓಡಿಸಿದಿರಿ ಎಂಬುದಕ್ಕಿಂತ ಹೇಗೆ ಓಡಿಸಿದಿರಿ ಎಂಬುದೇ ಅಲ್ಲಿ ಮುಖ್ಯ.

ಚೀಟಿಯಲ್ಲಿ ‘ಕ್ಯಾಟಲಿಸ್ಟ್’ ಎಂದಿರುವ, ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆದುಕೊಳ್ಳಿ. ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾಯುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಕನ್ವರ್ಟರ್ ಆರೋಗ್ಯವಾಗಿದ್ದರೆ ಆಮ್ಲಜನಕವನ್ನು ಹಿಡಿದಿಟ್ಟು ಬಿಡುತ್ತಿರುವುದರಿಂದ, ಮುಂದಿನ ಸೆನ್ಸರ್ ಏರಿಳಿಯುತ್ತಿದ್ದರೂ ಹಿಂದಿನದು ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಎರಡೂ ಒಂದೇ ತಾಳದಲ್ಲಿ ಕುಣಿಯತೊಡಗಿದರೆ ಕನ್ವರ್ಟರ್ ಸೋತಿದೆ ಎಂದು ಲೆಕ್ಕ. ಈ ಹೋಲಿಕೆಗೆ ಎಂಜಿನ್ ಚೆನ್ನಾಗಿ ಕಾದಿರಬೇಕು, ವೇಗ ಕೆಲವು ನಿಮಿಷವಾದರೂ ಒಂದೇ ಸಮನಾಗಿರಬೇಕು. ಕೆಲಸಕ್ಕೆ ಹೋಗುವ ದಾರಿ ಹತ್ತು ನಿಮಿಷದ್ದಾಗಿ, ಅದರಲ್ಲಿ ಅರ್ಧ ಹೊತ್ತು ಸಿಗ್ನಲ್ಲಿನಲ್ಲೇ ಕಳೆಯುವುದಾದರೆ ತಿಂಗಳು ಓಡಿಸಿದರೂ ಆ ಸಾಲು ಹಾಗೆಯೇ ಇರುತ್ತದೆ.

ಇಂಧನ ಆವಿಯ ಪರೀಕ್ಷೆ ಇನ್ನೂ ಮೊಂಡು. ಕಂಪ್ಯೂಟರ್ ಟ್ಯಾಂಕನ್ನು ಒಳಗಿಂದೊಳಗೆ ಮುಚ್ಚಿ, ಒತ್ತಡ ಸೋರಿಹೋಗುತ್ತದೆಯೇ ಎಂದು ನೋಡುತ್ತದೆ. ಬಹುಪಾಲು ಕಾರುಗಳಲ್ಲಿ ಇದಕ್ಕೆ ಟ್ಯಾಂಕು ಸುಮಾರು 15ರಿಂದ 85 ಪ್ರತಿಶತದ ನಡುವೆ ತುಂಬಿರಬೇಕು, ಎಂಜಿನ್ ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾಗಿರಬೇಕು. ತಪಾಸಣೆಗೆ ಹೋಗುವ ಮುನ್ನ ಭಕ್ತಿಯಿಂದ ಟ್ಯಾಂಕು ತುಂಬಿಸುವವರು ತಮ್ಮ ಪರೀಕ್ಷೆಯನ್ನು ತಾವೇ ತಡೆದಿರುತ್ತಾರೆ. ನೀವೂ ಹಾಗೆ ಮಾಡಿದ್ದಿರಾ?

ಟ್ಯಾಂಕು ಅರ್ಧದಷ್ಟಿರಲಿ. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆಯವರೆಗೆ ಮುಟ್ಟಬೇಡಿ. ಚಾಲೂ ಮಾಡಿ ಎರಡು ಮೂರು ನಿಮಿಷ ನಿಂತಲ್ಲೇ ಓಡಲು ಬಿಟ್ಟು, ಖಾಲಿ ಹೆದ್ದಾರಿಯಲ್ಲಿ, ಅಲ್ಲಿನ ವೇಗದ ಮಿತಿಗೆ ಒಳಪಟ್ಟು, 80ರಿಂದ 90 ಕಿಲೋಮೀಟರ್ ವೇಗದಲ್ಲಿ ಹತ್ತು ಹದಿನೈದು ನಿಮಿಷ ಒಂದೇ ಸಮ ಹೋಗಿ, ಆಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕ್ ಒತ್ತದೆ ತಾನಾಗಿ ನಿಧಾನವಾಗಲು ಬಿಡಿ. ಇದು ಸಾಮಾನ್ಯ ಕ್ರಮ. ನಿಮ್ಮ ಮಾದರಿಗೆಂದೇ ತಯಾರಕರು ಹೇಳಿರುವ ಕ್ರಮವಿದ್ದರೆ ಅದೇ ಮೇಲು. ಮತ್ತೆ ಕೇಂದ್ರಕ್ಕೆ ಹೋಗುವ ಮುನ್ನ ಒಂದು ಸಣ್ಣ ಸ್ಕ್ಯಾನರ್ ಸಿಕ್ಕಿಸಿ ಎಲ್ಲ ಸಾಲುಗಳನ್ನು ನೋಡಿಕೊಳ್ಳಿ, ಆದರೆ ಅದರಲ್ಲಿರುವ ‘ಅಳಿಸು’ ಗುಂಡಿಯನ್ನು ತಪ್ಪಿಯೂ ಒತ್ತಬೇಡಿ. ಒತ್ತಿದರೆ ಬ್ಯಾಟರಿ ಕಿತ್ತಷ್ಟೇ ಫಲ. ಕೆಲವು ತಯಾರಕರ ಕಾರುಗಳಲ್ಲಿ ಸ್ಕ್ಯಾನರೂ ಬೇಡ: ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ಇಪ್ಪತ್ತು ಸೆಕೆಂಡ್ ಕಾದರೆ, ಎಲ್ಲ ಸಿದ್ಧವಿದ್ದಾಗ ಎಂಜಿನ್ ದೀಪ (ಓಡಿಸುವಾಗ ಹೊತ್ತಿದರೆ ದೋಷವಿದೆ ಎಂದು ತಿಳಿಸುವ ದೀಪ) ಸ್ಥಿರವಾಗಿ ಉರಿಯುತ್ತದೆ, ಇಲ್ಲದಿದ್ದರೆ ಮಿಣುಕುತ್ತದೆ.

ಎಷ್ಟು ಸಾಲು ಬಾಕಿ ಇದ್ದರೂ ನಡೆಯುತ್ತದೆ ಎಂಬುದನ್ನು ನಿಮ್ಮ ಕೇಂದ್ರದಲ್ಲೇ ಕೇಳಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾರ್ಗಸೂಚಿಯಂತೆ 1996ರಿಂದ 2000ದವರೆಗಿನ ಮಾದರಿಗಳಿಗೆ ಎರಡು, 2001 ಮತ್ತು ಅನಂತರದವಕ್ಕೆ ಒಂದು ಬಾಕಿ ಇರಬಹುದು. ಇಷ್ಟೆಲ್ಲ ಬಿಗಿ ಏಕೆಂದರೆ, ಎಂಜಿನ್ ದೀಪ ಹೊತ್ತಿದವರು ಕೇಂದ್ರದ ಗೇಟಿನ ಹೊರಗೆ ಸಂಕೇತ ಅಳಿಸಿಕೊಂಡು ಒಳಗೆ ಬರುತ್ತಿದ್ದರು. ಯಂತ್ರಕ್ಕೆ ಅವರೂ ಒಂದೇ, ಬ್ಯಾಟರಿ ಸತ್ತ ನೀವೂ ಒಂದೇ. 2010ರ ಸುಮಾರಿನಿಂದ ಬಂದ ಕಾರುಗಳಲ್ಲಿ ಸ್ಕ್ಯಾನರಿನಿಂದಾಗಲಿ ಬ್ಯಾಟರಿ ಕಿತ್ತಾಗಲಿ ಅಳಿಸಲಾಗದ ‘ಶಾಶ್ವತ ಸಂಕೇತ’ಗಳಿವೆ; ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ತಪಾಸಣೆಯಲ್ಲಿ ಅವನ್ನೂ ನೋಡುತ್ತಾರೆ. ಕಳ್ಳನನ್ನೂ ಸಭ್ಯನನ್ನೂ ಬೇರೆ ಮಾಡುವ ಸಾಧನ ಇದ್ದೇ ಇದೆ ಎಂದು ಹೇಳಿದೆ, ಅಷ್ಟೆ.

ಉತ್ತರ 2: ನಿವೃತ್ತ ಗುಮಾಸ್ತ

ಇಂಥ ಕಿಟಕಿಯ ಒಳಬದಿಯಲ್ಲಿ ಬಹಳ ವರ್ಷ ಕೂತವನು ನಾನು. ಎರಡನೆಯ ಪ್ರಶ್ನೆಗೆ ಉತ್ತರ ನೀವು ಅಂದುಕೊಂಡಷ್ಟು ಕಷ್ಟದ್ದಲ್ಲ, ಏಕೆಂದರೆ ನಿಮ್ಮ ಪುಸ್ತಕದಲ್ಲಿರುವ ತಪ್ಪು ತಾನಾಗಿಯೇ ತಪ್ಪೆಂದು ಒಪ್ಪಿಕೊಳ್ಳುವ ಜಾತಿಯದು. ಹದಿನೇಳು ಅಕ್ಷರ ಅಂಕಿಗಳ ಈ ವಾಹನ ಗುರುತಿನ ಸಂಖ್ಯೆಗೆ ಅಂತರರಾಷ್ಟ್ರೀಯ ಮಾನಕವಿದೆ, ಐಎಸ್ಒ 3779. ಅದರ ಪ್ರಕಾರ ಐ, ಓ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬಳಸುವಂತೆಯೇ ಇಲ್ಲ. ಒಂದಕ್ಕೂ ಸೊನ್ನೆಗೂ ಗೊಂದಲವಾಗದಿರಲೆಂದೇ ಅವನ್ನು ಹೊರಗಿಟ್ಟಿದ್ದಾರೆ. ಅಂದಮೇಲೆ ಆ ಪದ್ಧತಿಯ ಸಂಖ್ಯೆಯಲ್ಲಿ ‘ಓ’ ಇರುವ ಕಾರು ಜಗತ್ತಿನಲ್ಲಿ ಎಲ್ಲಿಯೂ ತಯಾರಾಗಿರಲು ಸಾಧ್ಯವಿಲ್ಲ. ಈ ವಾಕ್ಯವನ್ನೇ ಅರ್ಜಿಯಲ್ಲಿ ಬರೆಯಿರಿ.

ಆದರೆ ಅರ್ಜಿಯ ವಿಷಯದ ಸಾಲಿನಲ್ಲಿ ‘ಚಾಸಿ ಸಂಖ್ಯೆಯ ಬದಲಾವಣೆ’ ಎಂದು ಮಾತ್ರ ಬರೆಯಬೇಡಿ. ಬದಲಾವಣೆ ಎಂಬ ಪದ ಕಂಡೊಡನೆ ಗುಮಾಸ್ತನಿಗೆ ಕದ್ದ ಗಾಡಿ, ಉಜ್ಜಿ ಮತ್ತೆ ಕೊರೆದ ನಂಬರು, ತನಿಖೆ, ತನ್ನ ಸಹಿ ಎಲ್ಲವೂ ಕಣ್ಣ ಮುಂದೆ ಬರುತ್ತವೆ. ‘ನಕಲು ಮಾಡುವಾಗ ಆದ ಬರಹದೋಷದ ಸರಿಪಡಿಕೆ’ ಎಂದು ಬರೆಯಿರಿ. ಅವನು ಕೆಟ್ಟವನೆಂದಲ್ಲ, ಮಾಡಿದ ಕೆಲಸಕ್ಕೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರಬಹುದು, ಮಾಡದ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಅವನು ಕೆಲಸಕ್ಕೆ ಸೇರಿದ ವರ್ಷವೇ ಕಲಿತಿರುತ್ತಾನೆ.

ಕಾರು ಕೊಂಡಾಗಿನ ಮೂಲ ಬಿಲ್ಲು, ಯಂತ್ರ ಓದಿದ ಸಂಖ್ಯೆ ಮುದ್ರಿತವಾಗಿರುವ ಆ ತಿರಸ್ಕಾರದ ಚೀಟಿ ಮತ್ತು ಚಾಸಿಯ ಪೆನ್ಸಿಲ್ ಅಚ್ಚನ್ನು ಲಗತ್ತಿಸಿ. ಅಚ್ಚು ತೆಗೆಯುವ ಮೊದಲು ಲೋಹದ ಮೇಲಿನ ಮಣ್ಣು, ಜಿಡ್ಡನ್ನು ಒರೆಸಿ, ತೆಳು ಕಾಗದವನ್ನು ಅಲುಗದಂತೆ ಅಂಟಿಸಿ, ಪೆನ್ಸಿಲನ್ನು ಮಲಗಿಸಿ ಹಗುರವಾಗಿ ಉಜ್ಜಬೇಕು. ಕೊರೆದ ಗೆರೆಗಳು ಕಪ್ಪಿನ ನಡುವೆ ಬಿಳಿಯಾಗಿ ಉಳಿಯುತ್ತವೆ, ನಿಮ್ಮ ಹನ್ನೆರಡನೆಯ ಸ್ಥಾನದ ಸೊನ್ನೆಯೂ ಕಾಣಬೇಕು. ಒತ್ತಿ ಉಜ್ಜಿದರೆ ಕಾಗದವೆಲ್ಲ ಕಪ್ಪಾಗಿ ಯಾವುದೂ ಕಾಣದು.

ಮೂರೂ ಅರ್ಜಿಗಳನ್ನು, ಅಂದರೆ ಸರಿಪಡಿಕೆ, ನವೀಕರಣ ಮತ್ತು ತಪಾಸಣೆಗೆ ಹೋಗಿಬರಲು ತಾತ್ಕಾಲಿಕ ಅನುಮತಿ, ಗಡುವಿನ ಒಳಗೇ ಕೊಟ್ಟು ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ‘ತೆಗೆದುಕೊಳ್ಳುವುದಿಲ್ಲ’ ಎಂದು ಬಾಯಲ್ಲಿ ಹೇಳಿದರೆ ಅದನ್ನೇ ಹಿಂಬರಹವಾಗಿ ಕೊಡಿ ಎಂದು ಸಮಾಧಾನದಿಂದ ಕೇಳಿ. ಬಾಯಲ್ಲಿ ಸುಲಭವಾಗಿ ಬರುವ ‘ಇಲ್ಲ’ ಕಾಗದದ ಮೇಲೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಉತ್ತರ 3: ಸಂದೇಹಿ

ನೀವೆಲ್ಲ ವಿಧಾನ ಹೇಳುತ್ತಿದ್ದೀರಿ, ಈ ತಪಾಸಣೆಯಿಂದ ಉಪಯೋಗವೇನು ಎಂದು ಯಾರೂ ಕೇಳುತ್ತಿಲ್ಲ. ಕೇಬಲ್ ಸಿಕ್ಕಿಸಿ ಕಾರನ್ನೇ ‘ನೀನು ಚೆನ್ನಾಗಿದ್ದೀಯಾ’ ಎಂದು ಕೇಳುವುದು ಯಾವ ಸೀಮೆಯ ಪರೀಕ್ಷೆ? ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಹಗರಣ 2015ರ ಸೆಪ್ಟೆಂಬರಿನಲ್ಲಿ ಹೊರಬಿದ್ದಾಗ ತಿಳಿದದ್ದೇನು? ಪರೀಕ್ಷೆ ನಡೆಯುತ್ತಿದೆ ಎಂದು ಸಾಫ್ಟ್‌ವೇರಿಗೆ ಗೊತ್ತಾದೊಡನೆ ಕಾರು ಶುದ್ಧವಾಗುತ್ತಿತ್ತು, ರಸ್ತೆಗಿಳಿದರೆ ಹಳೆಯ ಚಾಳಿ. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಅಂಥ ಸಾಫ್ಟ್‌ವೇರ್ ಇತ್ತೆಂದು ಕಂಪನಿಯೇ ಒಪ್ಪಿಕೊಂಡಿತು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಅಳೆಯುವ ಉಪಕರಣವನ್ನು ಕಾರಿಗೇ ಕಟ್ಟಿಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದ್ದರಿಂದ ಸುಳಿವು ಸಿಕ್ಕಿತೇ ಹೊರತು ಯಾವ ತಪಾಸಣಾ ಕೇಂದ್ರದ ಚೀಟಿಯಿಂದಲೂ ಅಲ್ಲ. ನಳಿಕೆ ಇಟ್ಟು ಅಳೆಯಲಿ, ಆಗ ಒಪ್ಪುತ್ತೇನೆ.

ಉತ್ತರ 4: ಗ್ರೀಸ್ ಕೈ

ನಳಿಕೆಗೂ ಮಿತಿಯಿದೆ, ಸ್ವಾಮಿ. ನೈಟ್ರೋಜನ್ ಆಕ್ಸೈಡುಗಳು ಹೆಚ್ಚಾಗಿ ಹುಟ್ಟುವುದು ಎಂಜಿನ್ನಿನ ಮೇಲೆ ಭಾರ ಬಿದ್ದು ಒಳಗಿನ ಶಾಖ ಏರಿದಾಗ. ನಿಂತಲ್ಲೇ ಓಡುವ ಕಾರಿನ ಸೈಲೆನ್ಸರಿನಲ್ಲಿ ಅವು ಅಷ್ಟಾಗಿ ಕಾಣುವುದೇ ಇಲ್ಲ. ಟ್ಯಾಂಕಿನ ಮುಚ್ಚಳ ಸಡಿಲಾಗಿ ಪೆಟ್ರೋಲ್ ಆವಿ ಸೋರುತ್ತಿದ್ದರೆ ಅದನ್ನು ಯಾವ ನಳಿಕೆಯೂ ಹಿಡಿಯದು, ಕಾರಿನ ಕಂಪ್ಯೂಟರ್ ಹಿಡಿಯುತ್ತದೆ. ಫೋಕ್ಸ್‌ವ್ಯಾಗನ್ ಮಾಡಿದ್ದು ತಯಾರಕರ ಮೋಸ. ಹನ್ನೊಂದು ವರ್ಷದ ಕಾರಿನ ಸೆನ್ಸರ್ ಸವೆಯುವುದು ಬೇರೆ ಸಂಗತಿ. ನನ್ನ ಆಕ್ಷೇಪಣೆ ತಪಾಸಣೆಯ ಬಗ್ಗೆ ಅಲ್ಲ, ‘ನೋಡಿಲ್ಲ’ ಎಂಬುದನ್ನೂ ‘ತಿರಸ್ಕೃತ’ ಎಂದೇ ಮುದ್ರಿಸುವ ಆ ಚೀಟಿಯ ಬಗ್ಗೆ.

ಪ್ರಶ್ನೆ ಕೇಳಿದವರಿಂದ: ಹಳೆಯ ಕಾರಿನವ

ಎಲ್ಲರಿಗೂ ಕೃತಜ್ಞತೆಗಳು. ಗಡುವಿನ ಹಿಂದಿನ ದಿನ ಇದನ್ನು ಬರೆಯುತ್ತಿದ್ದೇನೆ.

ಗ್ರೀಸ್ ಕೈ ಅವರ ಊಹೆ ಸರಿ: ಎರಡು ಸಲವೂ ಟ್ಯಾಂಕು ತುಂಬಿಸಿಕೊಂಡೇ ಹೋಗಿದ್ದೆ. ಈ ಸಲ ಅರ್ಧಕ್ಕೆ ಇಳಿಸಿ, ಭಾನುವಾರ ಬೆಳಕು ಹರಿಯುವ ಮೊದಲೇ ಹೆದ್ದಾರಿಗೆ ಒಯ್ದೆ. ಕಾಲನ್ನು ಒಂದೇ ಸಮ ಇಟ್ಟುಕೊಂಡು ಹದಿನೈದು ನಿಮಿಷ ಓಡಿಸುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು; ಮೊದಲ ಸಲ ಲಾರಿಯೊಂದು ಅಡ್ಡ ಬಂದು ಬ್ರೇಕ್ ಹಾಕಬೇಕಾಗಿ, ಹಿಂದಿರುಗಿ ಮತ್ತೆ ಮಾಡಿದೆ. ಕ್ಯಾಟಲಿಸ್ಟಿನ ಸಾಲು ಅಂದೇ ಸಿದ್ಧವಾಯಿತು. ಇಂಧನ ಆವಿಯದು ಇನ್ನೂ ಬಾಕಿ, ಆದರೆ ಒಂದು ಬಾಕಿಯನ್ನು ನಮ್ಮ ಕೇಂದ್ರವೂ ಒಪ್ಪುತ್ತದಂತೆ. ಇದನ್ನು ಮೊದಲ ದಿನವೇ ಹೇಳಬಹುದಿತ್ತು.

ಗುಮಾಸ್ತರೇ, ನಿಮ್ಮ ವಾಕ್ಯವನ್ನು ಅರ್ಜಿಯಲ್ಲಿ ಹಾಗೆಯೇ ಬರೆದೆ. ಕಿಟಕಿಯಲ್ಲಿದ್ದವರು ಎರಡು ಸಲ ಓದಿ, ಒಳಗೆ ಹೋಗಿ ಯಾರಿಗೋ ತೋರಿಸಿ ಬಂದು, ಪೆನ್ಸಿಲ್ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದರು. ಹಿಂಬರಹ ಕೇಳುವ ಪ್ರಸಂಗವೇ ಬರಲಿಲ್ಲ. ನಾಲ್ಕನೆಯ ದಿನ ದಾಖಲೆ ಸರಿಯಾಯಿತು, ಮರುದಿನ ಪ್ರಮಾಣಪತ್ರವೂ ಸಿಕ್ಕಿತು. ಅದನ್ನು ಹಿಡಿದು ಇಂದು ನವೀಕರಣದ ಕಿಟಕಿಗೆ ಹೋದರೆ, ವಿಮಾ ಪಾಲಿಸಿಯಲ್ಲಿ ಇನ್ನೂ ‘ಓ’ ಇದೆ, ಮೂರೂ ಕಡೆ ಒಂದೇ ಇರಬೇಕು ಎಂದರು. ಪಾಲಿಸಿಯವರು ಹನ್ನೊಂದು ವರ್ಷದ ಹಿಂದೆ ಬರೆದುಕೊಂಡದ್ದು ಇದೇ ಪುಸ್ತಕವನ್ನು ನೋಡಿ. ಇನ್ನು ಹೊಸ ಪಾಲಿಸಿಯನ್ನೇ ಮಾಡಿಸಬೇಕೆ?

ಉತ್ತರ 5: ನಿವೃತ್ತ ಗುಮಾಸ್ತ

ಬೇಡ. ಸರಿಪಡಿಸಿದ ಪುಸ್ತಕದ ನಕಲು ಕೊಟ್ಟು ಅದೇ ಪಾಲಿಸಿಗೆ ತಿದ್ದುಪಡಿಯ ಪತ್ರ ಕೇಳಿ, ಇಂದೇ ಕೇಳಿ. ನವೀಕರಣದ ಅರ್ಜಿಯನ್ನು ಮಾತ್ರ ವಾಪಸು ತರಬೇಡಿ; ‘ವಿಮಾ ತಿದ್ದುಪಡಿ ಕೋರಲಾಗಿದೆ’ ಎಂದು ಅಂಚಿನಲ್ಲಿ ಬರೆದು, ನಾಳೆ ಕಿಟಕಿ ಮುಚ್ಚುವುದರೊಳಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೊಹರಿನ ದಿನಾಂಕ ತಿರುಗಿಸಿದ್ದಾರೆಯೇ ಎಂದೂ ನೋಡಿಕೊಳ್ಳಿ, ಎಷ್ಟೋ ಸಲ ಹಿಂದಿನ ದಿನದ್ದೇ ಇರುತ್ತದೆ. ನಿಮ್ಮ ಮಟ್ಟಿಗೆ ಹಾಗಿದ್ದರೂ ನಷ್ಟವಿಲ್ಲ.