ಮುಗೀತು ಅಂತ ಹೇಳೋರ್ಯಾರು?

ಬಳಸೋರು ಟೈಪಿಸೋ ಹಲವು ಸಾಲುಗಳನ್ನ ಓದ್ಕೊಳ್ಳೋ ಪ್ರೋಗ್ರಾಮನ್ನ ಪೈಥಾನ್ ಭಾಷೇಲಿ ಬರೀತಿದ್ದಳು ಪದ್ದಿ. ಅವರು ಬರೆದು ಮುಗಿಸಿದ್ರು ಅಂತ ಅದಕ್ಕೆ ತಿಳಿಯೋದು ಹೇಗೆ?

“ಕೋಡು ಒಂದೇ ಸಾಲು ಕಣೇ! ಸಿಸ್ ಡಾಟ್ ಎಸ್‌ಟಿಡಿಇನ್ ಡಾಟ್ ರೀಡ್. ಎಷ್ಟು ಸಾಲು ಕೊಟ್ರೂ ಒಟ್ಟಿಗೇ ನುಂಗುತ್ತೆ” ಅಂದ ನಾಣಿ. ಯಾವ ಪ್ರೋಗ್ರಾಮನ್ನಾದರೂ ಒಂದು ಸಾಲಿಗೆ ಹಿಂಡದಿದ್ದರೆ ಅವನಿಗೆ ನಿದ್ದೆ ಹತ್ತೋದಿಲ್ಲ.

“ನುಂಗ್ತಾನೇ ಇದೆ” ಅಂದಳು ಪದ್ದಿ. “ಇನ್‌ಪುಟ್ ಅನ್ನೋ ಆಜ್ಞೆ ಹಾಕಿದ್ರೆ ಮೊದಲ ಸಾಲಿಗೇ ಸಾಕು ಅನ್ನುತ್ತೆ. ಇದು ನೋಡಿದ್ರೆ, ಎಂಟರ್ ಒತ್ತಿ ಒತ್ತಿ ಬೆರಳು ಸವೆದರೂ ತುಟಿಪಿಟಕ್ ಅನ್ನಲ್ಲ.”

“ಕಂಟ್ರೋಲ್ ಡಿ ಒತ್ತು, ಮುಗೀತು ಅಂತ ಅದಕ್ಕೆ ತಿಳಿಯುತ್ತೆ.”

“ಒತ್ತಿದೆ. ಪರದೆ ಮೇಲೆ ಅದೇ ಬಂದು ಕೂತಿದೆ.”

“ಓ, ವಿಂಡೋಸಾ? ಹಾಗಾದ್ರೆ ಹೊಸ ಸಾಲಲ್ಲಿ ಕಂಟ್ರೋಲ್ ಝಡ್, ಆಮೇಲೆ ಎಂಟರ್. ಲಿನಕ್ಸಲ್ಲಿ ಮಾತ್ರ ಝಡ್ ಒತ್ಬೇಡ, ಪ್ರೋಗ್ರಾಮು ಅರ್ಧಕ್ಕೇ ಮಲಗಿಬಿಡುತ್ತೆ.”

ಸೀನ ನಕ್ಕ. “ಕೋಡು ಒಂದು ಸಾಲು, ಬಳಸೋದು ಹೇಗೆ ಅಂತ ಹೇಳೋಕೆ ಒಂದು ಪುಟ. ಭೇಷ್ ನಾಣಿ.”

“ಎಷ್ಟು ಸಾಲು ಅಂತ ಮೊದಲೇ ಕೇಳಿಬಿಟ್ರೆ?” ವಿಶ್ವ ಬಾಯಿ ಹಾಕಿದ.

“‘ಎರಡೇ ಮಾತು ಹೇಳಿ ಮುಗಿಸ್ತೀನಿ’ ಅಂತ ಮೈಕ್ ಹಿಡಿದೋರು ಎರಡಕ್ಕೆ ನಿಲ್ಲಿಸಿದ್ದು ನೋಡಿದ್ದೀಯಾ?” ಅಂದ ಸೀನ. “ಅದೂ ಅಲ್ದೆ ಸಿ ಭಾಷೇಲಿ ಹಾಗೆ ಕೇಳಿ ನೋಡು. ಸ್ಕ್ಯಾನ್‌ಎಫ್ ಅನ್ನೋ ಆಜ್ಞೆ ಸಂಖ್ಯೆ ಮಾತ್ರ ಎತ್ಕೊಂಡು ಎಂಟರನ್ನ ಬಾಗಿಲಲ್ಲೇ ಬಿಟ್ಟು ಹೋಗುತ್ತೆ. ಹಿಂದೆ ಬಂದ, ಸಾಲು ಓದೋ ಎಫ್‌ಗೆಟ್ಸ್ ಅದನ್ನೇ ಒಂದು ಸಾಲು ಅಂತ ಓದಿ ಕೈ ತೊಳ್ಕೊಳ್ಳುತ್ತೆ.”

“ಖಾಲಿ ಸಾಲು ಬಂದ್ರೆ ನಿಲ್ಲಿಸೋಣ?” ಅಂದ ವಿಶ್ವ.

“ಪದ್ಯ ಟೈಪಿಸೋನು ಮೊದಲ ನುಡಿ ಮುಗಿಸಿ ಉಸಿರೆಳೆಯೋಷ್ಟರಲ್ಲಿ ‘ಧನ್ಯವಾದ, ನಮಸ್ಕಾರ’ ಅಂತೀಯಾ? ಚುಕ್ಕಿ ಇಡಿಸು. ಸಾಲಲ್ಲಿ ಚುಕ್ಕಿ ಒಂದೇ ಇದ್ರೆ ಮುಗೀತು. ಇಮೇಲ್ ಸಾಗಿಸೋ ಎಸ್‌ಎಂಟಿಪಿಗೆ 1982ರಲ್ಲೇ ಈ ಬುದ್ಧಿ ಇತ್ತು. ಕಾಗದದೊಳಗೇ ಅಂಥ ಸಾಲು ಬಂದ್ರೆ? ಚುಕ್ಕಿಯಿಂದ ಶುರುವಾಗೋ ಸಾಲಿಗೆ ಕಳಿಸೋನು ಇನ್ನೊಂದು ಚುಕ್ಕಿ ಸೇರಿಸ್ತಾನೆ, ಪಡೆಯೋನು ಅದನ್ನ ಕಿತ್ತುಹಾಕ್ತಾನೆ.”

ಪದ್ದಿ ಬರ್ಕೊಂಡಳು: ಮೊದಲು ‘ಮುಗಿದಾಗ ಬರೀ ಚುಕ್ಕಿ ಇಟ್ಟು ಎಂಟರ್ ಒತ್ತಿ’ ಅಂತ ಪ್ರಿಂಟ್. ಆಮೇಲೆ ಸುತ್ತುತ್ತಲೇ ಇರೋ ವೈಲ್ ಟ್ರೂ ಲೂಪು, ಚುಕ್ಕಿ ಬಂದ್ರೆ ಬ್ರೇಕ್ ಅಂತ ಹೊರಗೆ, ಇಲ್ದಿದ್ರೆ ಆ ಸಾಲು ಪಟ್ಟಿಯ ಕೊನೆಗೆ ಅಪೆಂಡ್.

ನಾಣಿಗೆ ಸಂಕಟ. “ಲಿಸ್ಟ್ ಒಳಗೆ ಐಟರ್, ಅದರೊಳಗೆ ಇನ್‌ಪುಟ್ ಮತ್ತೆ ಚುಕ್ಕಿ. ಆ ಲೂಪೆಲ್ಲ ಒಂದೇ ಸಾಲು!”

“ಕೆಲಸ ಮಾಡುತ್ತೆ, ಇಲ್ಲ ಅನ್ನಲ್ಲ” ಅಂದ ಸೀನ. “ನಾಳೆ ಅವಳೇ ಓದಿದ್ರೆ ಅವಳಿಗೆ ಅರ್ಥ ಆಗ್ಬೇಕಲ್ಲಪ್ಪ?”

“ಚುಕ್ಕಿ ಇಟ್ಟ ಮೇಲೆ ಇನ್ನೇನೋ ನೆನಪಾದ್ರೆ?” ವಿಶ್ವ ಬಿಡಲೊಲ್ಲ.

ಸೀನ ಸ್ವಲ್ಪ ಹೊತ್ತು ಸುಮ್ಮನಿದ್ದ. “ಕಾಗದ ಬರೆಯೋ ಕಾಲದಲ್ಲಿ ಅದಕ್ಕೇ ತಾ.ಕ. ಇತ್ತು. ಸಹಿ ಆದ ಮೇಲೆ ತಾ.ಕ., ಅದೂ ಸಾಲದೆ ಅಂಚಲ್ಲಿ ಅಡ್ಡಡ್ಡ. ಜಾಗ ಮುಗೀತು ಅಂತ ನಿಲ್ಲಿಸ್ತಿದ್ರೇ ಹೊರತು ಮಾತು ಮುಗೀತು ಅಂತಲ್ಲ. ಈಗ ಜಾಗಕ್ಕೇನು ಬರ? ಮೂರು ಪದ ಬರೆದು ಎಂಟರ್ ಒತ್ತಿ ಎದ್ದು ಹೋಗ್ತಾರೆ.”

ಪದ್ದಿ ಆಗಲೇ ಟೈಪ್ ಮಾಡ್ತಿದ್ದಳು. “ಹಾಗಾದ್ರೆ ತಾ.ಕ.ಗೆ ಅಂತ ಇನ್ನೊಂದು ವೈಲ್ ಹಾಕ್ಲಾ?”