ಹಳೆಯ ಸಿವಿಕ್: ಎಸ್ ತಗೊಳ್ಳಲಾ, ವಿ ತಗೊಳ್ಳಲಾ? ಮಲೆನಾಡು ರಸ್ತೆಗೆ ಯಾವುದು?

ಮಂಡಗದ್ದೆ ಮಾಣಿ:

ಎಲ್ಲರಿಗೂ ನಮಸ್ಕಾರ. ಎರಡು ಬಾಗಿಲಿನ ಜಪಾನಿ ಕೂಪೆ ಅಂದರೆ ನನಗೆ ಚಿಕ್ಕಂದಿನಿಂದ ಹುಚ್ಚು. ನಿಸ್ಸಾನ್ 370ಝಡ್ ಒಂದಷ್ಟು ವರ್ಷ ನಮ್ಮ ದೇಶದಲ್ಲೂ ಮಾರಾಟಕ್ಕಿತ್ತು. ಈಗ ಸೆಕೆಂಡ್ ಹ್ಯಾಂಡ್ ಹುಡುಕಿದರೂ ತೋಟ ಬರೆದುಕೊಡಬೇಕಾದೀತು. ಮಸ್ಕತ್‌ನಲ್ಲಿರುವ ಭಾವ "ಇಲ್ಲಿ ಹಳೇ ಟೊಯೋಟಾ 86 ಕಡಿಮೆಗೆ ಸಿಗುತ್ತೆ, ಹಡಗಿಗೆ ಹಾಕಲಾ?" ಅಂತ ಕೇಳುತ್ತಿದ್ದಾರೆ. ಅದು ಆಗುವ ಮಾತಾ?

ಆಗದಿದ್ದರೆ ನನ್ನ ಕಣ್ಣು ಹಳೆಯ ಹೋಂಡಾ ಸಿವಿಕ್ ಮೇಲೆ. 2006ರಿಂದ 2013ರವರೆಗೆ ಬಂತಲ್ಲ, ಅದೇ ಎರಡು ಅಂತಸ್ತಿನ ಡ್ಯಾಶ್‌ಬೋರ್ಡಿನದು. ಬಾಗಿಲು ನಾಲ್ಕಿದ್ದರೂ ಒಳಗೆ ಕೂತರೆ ಕೂಪೆಯ ಖುಷಿಯೇ. ಮೂರು ಕಾರು ನೋಡಿಟ್ಟಿದ್ದೇನೆ. ಎಸ್‌ಗಿಂತ ವಿ ಮೇಲಿನ ಮಾಡೆಲ್.

2008ರ 1.8 ಎಸ್ ಮ್ಯಾನ್ಯುಯಲ್. ಕೆಎ 14, ಶಿವಮೊಗ್ಗದ್ದೇ, ಎರಡನೇ ಓನರ್. ಹೊರಗೆ 17 ಇಂಚಿನ ಅಲಾಯ್ ಹಾಕಿಸಿದ್ದಾರೆ. ಎರಡೂಕಾಲು ಲಕ್ಷ ಹೇಳುತ್ತಾರೆ.

2009ರ ವಿ ಮ್ಯಾನ್ಯುಯಲ್. ಬೆಂಗಳೂರಿನದು, ಲೆದರ್ ಸೀಟು. ಎರಡೂಮುಕ್ಕಾಲು.

2011ರ ವಿ ಆಟೋಮ್ಯಾಟಿಕ್, ಸನ್‌ರೂಫ್ ಇರುವುದು. ಮಂಗಳೂರಿನದು. ಮೂರೂಮುಕ್ಕಾಲು. ಫೋಟೋದಲ್ಲಿ ನೋಡಿದರೆ ಇದಕ್ಕೇ ಮನಸ್ಸು ಎಳೆಯುತ್ತದೆ.

ದಿನಾ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಬೇಕು. ಮೇನ್ ರೋಡಿನಿಂದ ಮನೆಗೆ ಮಣ್ಣು ರಸ್ತೆ. ಆಗಾಗ ಆಗುಂಬೆ ಮೇಲೆ ಉಡುಪಿಗೆ. ಎಸ್‌ಗಿಂತ ಒಂದೂವರೆ ಲಕ್ಷ ಜಾಸ್ತಿ ಕೊಟ್ಟು ಟಾಪ್ ಮಾಡೆಲ್ ತಗೊಳ್ಳುವುದಕ್ಕೆ ಅರ್ಥ ಇದೆಯಾ?

ಕೆಎ15 ಸವಾರ:

ಭಾವನಿಗೆ ಬೇಡ ಅಂತ ಹೇಳಿಬಿಡಿ ಮಾರಾಯ್ರೆ. ಒಮಾನ್ ಕಾರಿಗೆ ಸ್ಟಿಯರಿಂಗ್ ಎಡಕ್ಕೆ. ಇಲ್ಲಿ ರಿಜಿಸ್ಟರ್ ಆಗುವುದಿಲ್ಲ. ಬಲಕ್ಕಿದ್ದರೂ ಮೂರು ವರ್ಷಕ್ಕಿಂತ ಹಳೆಯ ಕಾರು ತರಿಸಲು ಬಿಡುವುದಿಲ್ಲ. ಸುಂಕ ಸೇರಿಸಿದರೆ ಕಾರಿನ ಬೆಲೆಯೇ ಚಿಲ್ಲರೆ ಅನ್ನಿಸುತ್ತದೆ. ಹಾಗೇ ದೆಹಲಿ ಕಾರು ಅಗ್ಗ ಅಂತ ಯಾರಾದರೂ ತೋರಿಸಿದರೆ, ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಇನ್ನೊಮ್ಮೆ ಕಟ್ಟಬೇಕು ಅನ್ನುವುದು ತಲೆಯಲ್ಲಿರಲಿ.

ಸಿವಿಕ್ ವಿಷಯ ಆಟೋ ಕಾಂಪ್ಲೆಕ್ಸ್ ಅಣ್ಣ ಬಂದು ಹೇಳಲಿ.

ಆಟೋ ಕಾಂಪ್ಲೆಕ್ಸ್ ಅಣ್ಣ:

ಬಂದೆ. ಮಧ್ಯಾಹ್ನ ಊಟ ಮುಗಿಸಿ ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ. ಸಾಗರ ರೋಡಲ್ಲಿ ಇಷ್ಟು ವರ್ಷದಿಂದ ಎಸಿ, ವೈರಿಂಗ್ ಕೆಲಸ ಮಾಡುವವನು ನಾನು. ನನ್ನ ಹತ್ತಿರ ಬರುವ ಸಿವಿಕ್‌ಗಳಲ್ಲಿ ಎಂಜಿನ್ ಕೆಟ್ಟು ಬಂದದ್ದು ಕಡಿಮೆ. ನೀರು ಹೊಕ್ಕು ಬಂದದ್ದೇ ಜಾಸ್ತಿ.

ಮಾಣಿ, ಮೊದಲು ಒಂದು ಮಾತು. ಮೂರಕ್ಕೂ ಎಂಜಿನ್ ಒಂದೇ. 1.8 ಲೀಟರ್ ಐವಿಟೆಕ್, 132 ಪಿಎಸ್. ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ಖರ್ಚಿಲ್ಲ. ಎರಡು ಏರ್‌ಬ್ಯಾಗ್, ಎಬಿಎಸ್, ಹಿಂದೆಯೂ ಡಿಸ್ಕ್ ಬ್ರೇಕ್, ಇವೆಲ್ಲ ಎಸ್‌ನಲ್ಲೂ ಇವೆ. ಅಂದರೆ ನೀನು ಮೇಲೆ ಕೊಡುವ ಒಂದೂವರೆ ಲಕ್ಷ ಓಟಕ್ಕಲ್ಲ. ಗೇರ್‌ಬಾಕ್ಸ್, ಸೀಟು, ತಲೆ ಮೇಲಿನ ಗಾಜು, ಇದಕ್ಕೆ. ಹೊಸ ಕಾರಾದರೆ ಜಾಸ್ತಿ ಸೌಕರ್ಯ ಇದ್ದಷ್ಟು ಒಳ್ಳೇದು. ಇಷ್ಟು ಹಳೆಯ ಕಾರಿನಲ್ಲಿ, ಅದೂ ನಮ್ಮ ಮಳೆಯಲ್ಲಿ, ಜಾಸ್ತಿ ಇದ್ದಷ್ಟು ಕೆಡುವುದೂ ಜಾಸ್ತಿ.

ಉದಾಹರಣೆಗೆ ಸನ್‌ರೂಫ್. ಅದರ ಸುತ್ತ ಒಂದು ಕಾಲುವೆ ಇರುತ್ತದೆ. ಗಾಜಿನ ಅಂಚಿನಲ್ಲಿ ನುಸುಳಿದ ನೀರು ಅದರಲ್ಲಿ ಸೇರಿ, ಮೂಲೆಗಳಲ್ಲಿರುವ ಸಣ್ಣ ಪೈಪಿನಿಂದ ಕಂಬದೊಳಗೆ ಇಳಿದು ಕೆಳಗೆ ಹೋಗಬೇಕು. ನೀವು ಕಾರು ನಿಲ್ಲಿಸುವುದು ಎಲ್ಲಿ? ಹಲಸಿನ ಮರದ ಕೆಳಗೆ. ಎಲೆ, ಹೂವು, ಪರಾಗ ಎಲ್ಲ ಸೇರಿ ಆ ಪೈಪಿನಲ್ಲಿ ಕೆಸರು ಕಟ್ಟುತ್ತದೆ. ಆಮೇಲೆ ನೀರು ರೂಫ್ ಬಟ್ಟೆಗೆ, ಅಲ್ಲಿಂದ ಕಾಲಡಿಯ ಕಾರ್ಪೆಟ್‌ಗೆ. ಕಾರ್ಪೆಟ್ ಅಡಿಯ ವೈರಿಂಗ್ ಕನೆಕ್ಟರ್ ಹಸಿರು ಹಿಡಿಯುತ್ತದೆ. ಒಂದು ದಿನ ಕಿಟಕಿ ಇಳಿಯಲ್ಲ, ಇನ್ನೊಂದು ದಿನ ಏರ್‌ಬ್ಯಾಗ್ ಲೈಟು ಆರಲ್ಲ.

ಪರೀಕ್ಷೆ ಸುಲಭ. ಸನ್‌ರೂಫ್ ತೆರೆದು ಒಂದು ಮೂಲೆಗೆ ಅರ್ಧ ಲೋಟ ನೀರು ನಿಧಾನಕ್ಕೆ ಹೊಯ್ಯಿ. ಆ ಕಡೆ ಕಾರಿನ ಅಡಿಯಲ್ಲಿ ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕಬೇಕು. ನೀರು ಕಾಲುವೆಯಲ್ಲೇ ನಿಂತರೆ ಪೈಪು ಕಟ್ಟಿದೆ. ನಾಲ್ಕೂ ಮೂಲೆ ಹೀಗೇ ನೋಡು. ಓನರ್ ಬೇಡ ಅಂದರೆ ಅಲ್ಲೇ ಉತ್ತರ ಸಿಕ್ಕಿತು ಅಂದುಕೊ.

ಇನ್ನು ಆ ಎಸ್‌ನ 17 ಇಂಚಿನ ಅಲಾಯ್. ಕಂಪನಿ ಟೈರು 195/65 ಆರ್15. ಬದಿಯ ರಬ್ಬರ್ ಎತ್ತರ 195ರಲ್ಲಿ ಶೇಕಡಾ 65, ಅಂದರೆ 127 ಮಿಲಿಮೀಟರ್ ಆಯಿತು. 17ಕ್ಕೆ ಸಾಮಾನ್ಯವಾಗಿ ಹಾಕುವುದು 215/45. ಅದರ ಬದಿ 97 ಮಿಲಿಮೀಟರ್. ಮೂರು ಸೆಂಟಿಮೀಟರ್ ರಬ್ಬರ್ ಹೋಯಿತಲ್ವಾ? ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಇಳಿದರೆ ಪೆಟ್ಟು ನೇರ ರಿಮ್ಮಿಗೆ. ಒಟ್ಟು ವ್ಯಾಸವೂ 9 ಮಿಲಿಮೀಟರ್ ಕಡಿಮೆ, ಕಾರು ಅದರ ಅರ್ಧದಷ್ಟು ಕೆಳಗೆ ಬಂತು. ಸಿವಿಕ್ ಮೊದಲೇ ರೋಡ್ ಹಂಪ್‌ಗೆ ಹೊಟ್ಟೆ ತಾಗಿಸುವ ಕಾರು. ಹಳೇ 15 ಇಂಚಿನ ಚಕ್ರ ಓನರ್ ಹತ್ತಿರ ಇದೆಯಾ ಕೇಳು. ಇದ್ದರೆ ಅದನ್ನೇ ಹಾಕಿಸಿಕೊಂಡು ಅಲಾಯ್ ಅವರಿಗೇ ಬಿಡು, ರೇಟು ಇಳಿಸು.

ಏರ್‌ಬ್ಯಾಗ್ ಮಾತು ಮರೆಯಬೇಡ. ಈ ಕಾಲದ ಹೋಂಡಾಗಳಲ್ಲಿ ಟಕಾಟ ಕಂಪನಿಯ ಇನ್‌ಫ್ಲೇಟರ್, ಅಂದರೆ ಏರ್‌ಬ್ಯಾಗ್ ಊದಿಸುವ ಭಾಗ, ಇದ್ದವು. ಒಳಗಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವ ಕುಡಿದು ಹಾಳಾಗುತ್ತದೆ. ಆಮೇಲೆ ಏರ್‌ಬ್ಯಾಗ್ ತೆರೆದಾಗ ಲೋಹದ ಚೂರು ಮುಖಕ್ಕೆ ಹಾರಬಹುದು. ಸೆಕೆ, ತೇವ ಎರಡಕ್ಕೂ ನಮ್ಮ ಕಡೆ, ಮಂಗಳೂರು ಕಡೆ ಬರ ಇಲ್ಲ. ಹೋಂಡಾ ಇಂಡಿಯಾ ಇದಕ್ಕೆ ರೀಕಾಲ್ ಮಾಡಿ ಪುಕ್ಕಟೆ ಬದಲಿಸಿಕೊಟ್ಟಿದೆ. ಕಾರಿನ ಗುರುತಿನ 17 ಅಕ್ಷರದ ವಿಐಎನ್ ನಂಬರ್ ಹಾಕಿ ಅವರ ವೆಬ್‌ಸೈಟಿನಲ್ಲೇ ನೋಡಬಹುದು. ಮೂರೂ ಕಾರಿನದು ನೋಡು. ಬದಲಾಗದೇ ಇದ್ದರೆ ಮೊದಲು ಆ ಕೆಲಸ, ಆಮೇಲೆ ಓಡಾಟ.

ನನ್ನ ಓಟು ಎಸ್ ಮ್ಯಾನ್ಯುಯಲ್‌ಗೆ. ಕಾರು ಒಣಗಿದ್ದರೆ ಮಾತ್ರ.

ಕೊಪ್ಪದ ಟೀಚರ್:

ಅಣ್ಣಾ, ನೀವು ಯಾವಾಗಲೂ ಮ್ಯಾನ್ಯುಯಲ್ ಪಕ್ಷ. ನಮ್ಮ ಮನೆಯಲ್ಲಿ ವಿ ಆಟೋಮ್ಯಾಟಿಕ್ ಇದೆ, ಸನ್‌ರೂಫ್ ಇಲ್ಲದ್ದು. ನಾನೇ ಓಡಿಸುವುದು. ಮಂಡಿ ನೋವಿದ್ದವರಿಗೆ ಕ್ಲಚ್ಚಿಲ್ಲದ ಕಾರು ಅಂದರೇನು ಅಂತ ನಿಮಗೆ ಗೊತ್ತಿಲ್ಲ.

ಘಾಟಿಗೆ ಆಟೋಮ್ಯಾಟಿಕ್ ಆಗಲ್ಲ ಅನ್ನುವ ಮಾತು ಈ ಕಾರಿಗೆ ಹೊಂದುವುದಿಲ್ಲ. ಆಗುಂಬೆ ಇಳಿಯುವಾಗ ಡಿ ಯಲ್ಲೇ ಬಿಟ್ಟರೆ ಕಾರು ಜಾರುತ್ತದೆ, ಬ್ರೇಕ್ ಒತ್ತಿ ಒತ್ತಿ ಸೋಮೇಶ್ವರ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ. ಗೇರ್ ಲಿವರನ್ನು ಎಸ್ (ಸ್ಪೋರ್ಟ್) ಗೆ ತಂದು, ಸ್ಟಿಯರಿಂಗ್ ಹಿಂದಿನ ಎಡ ಪ್ಯಾಡಲ್ ಎಳೆದು ಎರಡನೇ ಗೇರಿಗೆ ಇಳಿಸಿದರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ತಿರುವಿನಲ್ಲಿ ಕೈ ಸ್ಟಿಯರಿಂಗ್ ಬಿಡಬೇಕಾಗಿಲ್ಲ. ಆಟೋಮ್ಯಾಟಿಕ್‌ಗೆ ದುಡ್ಡು ಕೊಡುವುದಾದರೆ ಈ ಪ್ಯಾಡಲ್‌ಗೆ ಕೊಡಿ. ಕ್ರೂಸ್ ಕಂಟ್ರೋಲ್ ಕೂಡ ಇದೆ, ಅದನ್ನು ನಮ್ಮ ರಸ್ತೆಯಲ್ಲಿ ಎಲ್ಲಿ ಹಾಕುವುದು, ದೇವರಿಗೇ ಗೊತ್ತು.

ಲೆದರ್ ವಿಷಯದಲ್ಲಿ ಮಾತ್ರ ಅಣ್ಣನಿಗಿಂತ ನಾನೇ ಜೋರಾಗಿ ಹೇಳುತ್ತೇನೆ. ಬೇಡ. ಆಷಾಢದಲ್ಲಿ ನಾಲ್ಕು ದಿನ ಕಾರು ತೆಗೆಯದಿದ್ದರೆ ಸೀಟಿನ ಮೇಲೆ ಬೂಸ್ಟು. ಒರೆಸಿದರೆ ಹೋಗುತ್ತದೆ, ಹೊಲಿಗೆಯ ಸಂದಿನಲ್ಲಿ ಮಾತ್ರ ಉಳಿದುಕೊಳ್ಳುತ್ತದೆ. ಬೆಂಗಳೂರಿನ ಕಾರಿಗೆ ಈಗ ಏನೂ ಕಾಣುವುದಿಲ್ಲ. ಒಂದು ಮಳೆಗಾಲ ಇಲ್ಲಿ ಕಳೆಯಲಿ. ನಾನು ಹತ್ತಿ ಬಟ್ಟೆಯ ಕವರ್ ಹಾಕಿ, ಬಿಸಿಲು ಬಂದ ದಿನ ನಾಲ್ಕೂ ಬಾಗಿಲು ತೆರೆದಿಡುತ್ತೇನೆ. ಬಾನೆಟ್ ಒಳಗೆ ಹೊಗೆಸೊಪ್ಪಿನ ಗಂಟು ಇಟ್ಟಿದ್ದೇನೆ, ಇಲಿಗೆ. ಅಡಿಕೆ ಒಣಗಿಸುವ ಮನೆಯವರಿಗೆ ಇದನ್ನೆಲ್ಲ ಹೇಳಿಕೊಡಬೇಕಾ?

ಮಂಡಗದ್ದೆ ಮಾಣಿ:

ಟೀಚರ್, ಅಣ್ಣ, ಇಬ್ಬರಿಗೂ ಥ್ಯಾಂಕ್ಸ್. ಮಂಗಳೂರಿನ ಸನ್‌ರೂಫ್ ನೋಡಿ ಬಂದೆ. ಮೂರು ಮೂಲೆ ಸರಿ. ಡ್ರೈವರ್ ಹಿಂದಿನ ಮೂಲೆಯಲ್ಲಿ ನೀರು ಇಳಿಯಲೇ ಇಲ್ಲ. ಕಾರ್ಪೆಟ್ ಮೇಲೆ ಒಣಗಿತ್ತು, ಬೆರಳು ಅಡಿಗೆ ಹಾಕಿದರೆ ಸ್ಪಂಜು ಒದ್ದೆ. ಓನರ್ "ನಿನ್ನೆ ವಾಶ್ ಮಾಡಿಸಿದ್ದು" ಅಂದರು. ಕೈ ಮುಗಿದು ಬಂದೆ.

ಈಗ ಇಲ್ಲಿನ ಎಸ್ ಉಳಿಯಿತು. 15 ಇಂಚಿನ ಚಕ್ರ ಅವರ ಅಟ್ಟದಲ್ಲಿದೆಯಂತೆ. ಏರ್‌ಬ್ಯಾಗ್ ರೀಕಾಲ್ ಮುಗಿದಿದೆ. ಆರ್‌ಸಿ ಮಾತ್ರ 15 ವರ್ಷಕ್ಕೆ ನಿಂತಿದೆ. ಇನ್ನೇನು ನೋಡಲಿ?

ಆಟೋ ಕಾಂಪ್ಲೆಕ್ಸ್ ಅಣ್ಣ:

ಟೀಚರ್ ಹೇಳಿದ ಪ್ಯಾಡಲ್ ಮಾತು ಒಪ್ಪಿದೆ. ಗೇರ್‌ಬಾಕ್ಸ್ ಆಯಿಲ್ ಕಾಲಕಾಲಕ್ಕೆ ಬದಲಿಸಿದ ಬಿಲ್ಲಿದ್ದರೆ ವಿ ಆಟೋಮ್ಯಾಟಿಕ್ ಕೂಡ ಒಳ್ಳೆ ಕಾರೇ. ಅಂಥ ಬಿಲ್ಲು ತೋರಿಸುವ ಮೂರನೇ ಓನರನ್ನು ನಾನಂತೂ ಕಂಡಿಲ್ಲ.

ಮಾಣಿ, ಆರ್‌ಸಿ ನವೀಕರಣ ಓನರ್ ಹೆಸರಲ್ಲೇ ಆಗಲಿ, ಆಮೇಲೆ ದುಡ್ಡು. ನವೀಕರಣಕ್ಕೇ 5000 ರೂಪಾಯಿ ಫೀಸು. ಹಸಿರು ತೆರಿಗೆ, ಫಿಟ್‌ನೆಸ್ ಬೇರೆ. ಎಲ್ಲ ಕಟ್ಟಿದರೆ ಐದು ವರ್ಷಕ್ಕೆ ಸಿಗುತ್ತದೆ. ಇದನ್ನು ನಿನ್ನ ತಲೆಗೆ ಕಟ್ಟಲು ನೋಡುತ್ತಾರೆ. ಬಿಡಬೇಡ.

ಎಂಜಿನ್ ತಣ್ಣಗಿಡುವ ಕೂಲೆಂಟ್ ನೋಡು. ಅಮೆರಿಕದಲ್ಲಿ 2006ರಿಂದ 2008ರ ಸಿವಿಕ್‌ಗಳಲ್ಲಿ ಕೆಲವಕ್ಕೆ ಎಂಜಿನ್ ಬ್ಲಾಕೇ ಬಿರುಕು ಬಿಟ್ಟು ಕೂಲೆಂಟ್ ಸೋರುತ್ತಿತ್ತು. ಹೋಂಡಾ ಅಲ್ಲಿ ಅದಕ್ಕೆ ವಾರಂಟಿಯನ್ನು 10 ವರ್ಷಕ್ಕೆ ಏರಿಸಿತ್ತು. ಟಾರ್ಚ್ ಹಿಡಿದು ಬ್ಲಾಕ್ ಮೇಲೆ ಒಣಗಿದ ಗೆರೆ, ಪುಡಿ ಏನಾದರೂ ಇದೆಯಾ ಹುಡುಕು. ಕೂಲೆಂಟ್ ಬದಲು ಬರೀ ನೀರು ಹೊಯ್ದಿದ್ದರೆ ಯಾಕೆ ಅಂತ ಕೇಳು.

ಸಸ್ಪೆನ್ಷನ್‌ಗೆ ಹಿಂದೆ ಮೂರು ಜನ ಕೂರಿಸಿ ಮಣ್ಣು ರಸ್ತೆಯಲ್ಲಿ ಓಡಿಸು. ಕಾರು ಎತ್ತರಿಸಲು ಸ್ಪ್ರಿಂಗ್ ಮೇಲೆ ರಬ್ಬರ್ ಸ್ಪೇಸರ್ ತುರುಕಿದ್ದರೆ ನಂಗೆ ಫೋಟೋ ಕಳಿಸು. ಸ್ಪ್ರಿಂಗ್ ಕುಸಿದಿದ್ದರೆ ಸ್ಪ್ರಿಂಗನ್ನೇ ಬದಲಿಸಬೇಕು, ಹೀಗೆ ಚಕ್ಕೆ ಇಟ್ಟರೆ ಆಗುವುದಿಲ್ಲ.

ಎಲ್ಲ ಸರಿ ಇದ್ದರೆ ಒಂದೂ ತೊಂಬತ್ತರಿಂದ ಮಾತು ಶುರು ಮಾಡು. ಎರಡು ದಾಟಬೇಡ. ಶನಿವಾರ ತರುವುದಾದರೆ ಬೆಳಿಗ್ಗೆ ನಾನೇ ಅವರ ಮನೆಗೆ ಬರುತ್ತೇನೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡುವುದನ್ನು ಕೇಳಬೇಕು. ನಾವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ, ಬಾನೆಟ್ ಮುಟ್ಟಿ ನೋಡಿ ಟೀ ಕುಡಿದು ಬರೋಣ.