ಯುದ್ಧಕಾಲದ ಫುಟ್‌ಬಾಲ್ ಪಂದ್ಯಗಳಿಗೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನಬಹುದೇ?

ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಟಾಮಿ ಲಾಟನ್ ಕುರಿತು ಒಂದು ವ್ಯಕ್ತಿಚಿತ್ರ ಬರೆಯುತ್ತಿದ್ದೇನೆ. ಎರಡನೆಯ ಮಹಾಯುದ್ಧದಿಂದ ಆತನ ಕ್ರೀಡಾಜೀವನಕ್ಕೆ ಏನಾಯಿತು ಎಂದು ಹೇಳಬೇಕಾದ ಕಡೆ ತಕ್ಕ ಮಾತು ಸಿಗುತ್ತಿಲ್ಲ. ನಮ್ಮ ಕ್ರೀಡಾಪುಟಗಳು ಇಂಥ ಸಂದರ್ಭಕ್ಕೆ ಸಾಮಾನ್ಯವಾಗಿ ಬಳಸುವ ‘ಮೊಟಕಾಯಿತು’, ‘ಅಡ್ಡಿಯಾಯಿತು’, ‘ಭಂಗ ಬಂತು’ ಎಂಬ ಮೂರನ್ನೂ ಹಾಕಿ ನೋಡಿದೆ, ಒಂದೂ ಒಪ್ಪಲಿಲ್ಲ.

ಸಂದರ್ಭ ಹೀಗಿದೆ. 1919ರಲ್ಲಿ ಬೋಲ್ಟನ್‌ನಲ್ಲಿ ಹುಟ್ಟಿದ ಲಾಟನ್ ಹತ್ತೊಂಬತ್ತನೆಯ ವಯಸ್ಸಿಗೇ ಇಂಗ್ಲೆಂಡ್ ತಂಡ ಸೇರಿ, 1938–39ರಲ್ಲಿ ಎವರ್ಟನ್ ಕ್ಲಬ್ಬಿಗೆ ಲೀಗ್ ಪ್ರಶಸ್ತಿ ಗೆಲ್ಲಿಸಿಕೊಟ್ಟವರಲ್ಲಿ ಮುಂಚೂಣಿಯಲ್ಲಿದ್ದ. ಮುಂದಿನ ಋತು ಆರಂಭವಾಗಿ ವಾರ ಕಳೆದೊಡನೆ, 1939ರ ಸೆಪ್ಟೆಂಬರ್ 3ರ ಭಾನುವಾರ, ಬ್ರಿಟನ್ ಯುದ್ಧ ಸಾರಿತು. ಲೀಗ್ ನಿಂತಿತು. ಹೆಚ್ಚಿನ ಕ್ಲಬ್ಬುಗಳು ಅಷ್ಟರಲ್ಲಿ ಆಡಿದ್ದ ಮೂರು ಪಂದ್ಯಗಳನ್ನೂ ಅಧಿಕೃತ ದಾಖಲೆಯಿಂದ ಕೈಬಿಟ್ಟರು. (ನಮ್ಮ ವಿಧಾನಸಭೆಯ ‘ಕಡತದಿಂದ ತೆಗೆದುಹಾಕಿ’ ಎಂಬ ಮಾತು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ, ಆ ಒಂದು ಕಡೆ ನನಗೆ ತೊಡಕಿಲ್ಲ.) ಲೀಗ್ ಮತ್ತೆ ಆರಂಭವಾದದ್ದು 1946ರ ಆಗಸ್ಟ್‌ನಲ್ಲಿ.

‘ಮೊಟಕಾಯಿತು’ ಎಂದರೆ ಅಲ್ಲಿಗೇ ಮುಗಿಯಿತು ಎಂಬ ಅರ್ಥ ಬರುತ್ತದೆ. ಲಾಟನ್ ಯುದ್ಧದ ಬಳಿಕ ಚೆಲ್ಸಿಗೂ ನಾಟ್ಸ್ ಕೌಂಟಿಗೂ ಆಡಿದ, 1948ರವರೆಗೆ ದೇಶದ ತಂಡದಲ್ಲೂ ಇದ್ದ. ‘ಅಡ್ಡಿಯಾಯಿತು’ ಎಂಬುದು ಪ್ರೆಸ್ಟನ್ ತಂಡದ ಟಾಮ್ ಫಿನ್ನಿಯಂಥವರಿಗೆ ಸರಿಹೋದೀತು. 1942ರಲ್ಲಿ ಸೈನ್ಯಕ್ಕೆ ಹೋಗಿ ಈಜಿಪ್ಟ್, ಇಟಲಿಗಳಲ್ಲಿ ಸೇವೆ ಸಲ್ಲಿಸಿದ ಆತ ಮೊದಲ ಲೀಗ್ ಪಂದ್ಯ ಆಡುವಾಗ ಇಪ್ಪತ್ತನಾಲ್ಕು ದಾಟಿತ್ತು. ‘ಭಂಗ’ವೋ, ತಪೋಭಂಗ ನಿದ್ರಾಭಂಗಗಳಲ್ಲಿರುವಂತೆ, ನಡೆಯುತ್ತಿದ್ದ ಕ್ರಿಯೆಯೇ ಮುರಿದುಬಿದ್ದದ್ದನ್ನು ಹೇಳುತ್ತದೆ. ಲಾಟನ್ ಆಡುವುದನ್ನು ನಿಲ್ಲಿಸಲೇ ಇಲ್ಲ. ಸೈನ್ಯದಲ್ಲಿ ದೈಹಿಕ ಶಿಕ್ಷಣ ವಿಭಾಗಕ್ಕೆ ಸೇರಿದ್ದ ಆತ ಪ್ರಾದೇಶಿಕ ಟೂರ್ನಿಗಳಲ್ಲಿ ವಾರವಾರವೂ ಎಂಬಂತೆ ಕಣಕ್ಕಿಳಿಯುತ್ತಿದ್ದ. 1940ರ ಕ್ರಿಸ್‌ಮಸ್ ದಿನ ಬೆಳಿಗ್ಗೆ ಆನ್‌ಫೀಲ್ಡಿನಲ್ಲಿ ಎವರ್ಟನ್ ಪರ ಆಡಿ, ಮಧ್ಯಾಹ್ನ ಟ್ರಾನ್ಮಿಯರ್ ತಂಡಕ್ಕೆ ಆಳು ಸಾಲದೆಂದು ಅದರ ಪರವಾಗಿ ಕ್ರೂ ಪಟ್ಟಣದಲ್ಲಿ ಆಡಿದ. 1943ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್‌ನ ಮೇನ್ ರೋಡ್ ಮೈದಾನದಲ್ಲಿ ಇಂಗ್ಲೆಂಡ್ ತಂಡವು ಸ್ಕಾಟ್ಲೆಂಡನ್ನು 8–0ರಿಂದ ಸೋಲಿಸಿದಾಗ ಅದರಲ್ಲಿ ನಾಲ್ಕು ಗೋಲು ಇವನವು. ಆದರೆ ಯುದ್ಧಕಾಲದ ಅಂತರರಾಷ್ಟ್ರೀಯ ಪಂದ್ಯಗಳಿಗೆ ಕ್ಯಾಪ್ (ದೇಶದ ಪರ ಅಧಿಕೃತ ಪಂದ್ಯ ಆಡಿದ್ದರ ಗುರುತು) ಕೊಡುವ ಪದ್ಧತಿ ಇರಲಿಲ್ಲವಾದ್ದರಿಂದ, ಆ ನಾಲ್ಕು ಗೋಲುಗಳು 23 ಪಂದ್ಯ, 22 ಗೋಲು ಎಂಬ ಆತನ ಅಧಿಕೃತ ಅಂಕಿಯಲ್ಲಿ ಇಲ್ಲ. ಆಟ ನಡೆಯಿತು, ಎಣಿಕೆ ನಿಂತಿತು.

ಇದಕ್ಕೆ ‘ಅನಧಿಕೃತ ಪಂದ್ಯ’ ಎನ್ನುವುದು ರೂಢಿ. ನನಗೆ ಅದು ಹಿತವೆನಿಸುವುದಿಲ್ಲ. ಅನಧಿಕೃತ ಬಡಾವಣೆ, ಅನಧಿಕೃತ ಗೈರುಹಾಜರಿ ಎಂದು ಓದಿ ಓದಿ ಆ ಪದಕ್ಕೆ ಅಪರಾಧದ ವಾಸನೆ ಹತ್ತಿದೆ. ಈ ಪಂದ್ಯಗಳನ್ನು ಏರ್ಪಡಿಸಿದ್ದು ಫುಟ್‌ಬಾಲ್ ಸಂಸ್ಥೆಗಳೇ, ಸರ್ಕಾರದ ಒಪ್ಪಿಗೆಯೂ ಇತ್ತು.

ಆಗ ನೆನಪಾದದ್ದು ನಮ್ಮಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ತಿಳಿದ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತು. ಅಕ್ಷರಶಃ ನೋಡಿದರೆ ಇದಕ್ಕಿಂತ ಕರಾರುವಾಕ್ಕಾದ ವರ್ಣನೆ ಬೇರೆ ಸಿಗಲಾರದು. ತೊಡಕಿರುವುದು ಧ್ವನಿಯಲ್ಲಿ. ಅಳುವ ಚಿಕ್ಕ ತಮ್ಮನನ್ನು ಸಮಾಧಾನಪಡಿಸಲು ಆಟಕ್ಕೆ ಸೇರಿಸಿಕೊಂಡು, ಅವನು ಔಟಾದರೂ ಲೆಕ್ಕವಿಲ್ಲ, ಹಿಡಿದರೂ ಲೆಕ್ಕವಿಲ್ಲ ಎಂದು ದೊಡ್ಡ ಹುಡುಗರು ಕಣ್ಣು ಮಿಟುಕಿಸಿಕೊಳ್ಳುವಾಗ ಹುಟ್ಟಿದ ಮಾತಿದು. ಇಂದು ರಾಜಕೀಯ ವರದಿಗಳಲ್ಲಿ ಅಧಿಕಾರವಿಲ್ಲದ ಪದಾಧಿಕಾರಿಯನ್ನು ಹೀಗಳೆಯಲು ಬಳಸುವುದೂ ಅದೇ ಅರ್ಥದಲ್ಲಿ. ಲೆಕ್ಕಕ್ಕೆ ಬಾರದವನು ಅಲ್ಲಿ ಆಟಗಾರ. ಲಾಟನ್ ವಿಷಯದಲ್ಲಿ ಆಟಗಾರ ಸಾಮಾನ್ಯನಲ್ಲ, ಲೆಕ್ಕಕ್ಕೆ ಬಾರದ್ದು ಪಂದ್ಯ. ಹಾಗಾಗಿ ನುಡಿಗಟ್ಟನ್ನು ವ್ಯಕ್ತಿಗೆ ಅಂಟಿಸದೆ ಪಂದ್ಯಕ್ಕೆ ಮಾತ್ರ ಹೇಳಿ, ‘ಯುದ್ಧದ ವರ್ಷಗಳಲ್ಲಿ ಆತನ ಪಂದ್ಯಗಳು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತಾದವು’ ಎಂದು ಬರೆದರೆ ಕೀಳುಧ್ವನಿ ಕಳಚೀತೇ, ಅಥವಾ ಓದುಗನಿಗೆ ಆ ಚಿಕ್ಕ ತಮ್ಮನೇ ಕಣ್ಣಮುಂದೆ ಬಂದಾನೇ? ಕಳಚುತ್ತದೆಂದು ನನ್ನ ಅನಿಸಿಕೆ.

ಪರ್ಯಾಯವಾಗಿ ‘ಖಾತೆಗೆ ಸೇರದ ಗೋಲುಗಳು’ ಎಂಬುದನ್ನೂ ಯೋಚಿಸಿದ್ದೇನೆ. ‘ಗೋಲಿನ ಖಾತೆ ತೆರೆದರು’ ಎಂದು ಬರೆಯುವ ನಮಗೆ ಅದು ಹೊಸದೇನಲ್ಲ, ಆದರೆ ತುಸು ಬ್ಯಾಂಕಿನ ಗಾಳಿ ಸೋಕಿದಂತಿದೆ.

ಇದರ ಜೊತೆಗೆ ಇನ್ನೊಂದು ಚಿಕ್ಕ ಪ್ರಶ್ನೆ. ಟ್ರಾನ್ಮಿಯರ್‌ಗೆ ಆಡಿದಂತೆ, ತನ್ನದಲ್ಲದ ಕ್ಲಬ್ಬಿಗೆ ಆ ಹೊತ್ತಿಗೆ ಮಾತ್ರ ಆಡುವವನನ್ನು ಅಲ್ಲಿ ಅತಿಥಿ ಎಂದೇ ಕರೆಯುತ್ತಿದ್ದರು. ಆಲ್ಡರ್‌ಶಾಟ್ ಎಂಬ ಸಾಮಾನ್ಯ ಕ್ಲಬ್ಬು, ಊರಲ್ಲೇ ಸೈನ್ಯದ ಶಿಬಿರವಿದ್ದ ಕಾರಣಕ್ಕೆ, ಇಂಗ್ಲೆಂಡ್ ತಂಡದ ಸ್ಟಾನ್ ಕಲಿಸ್, ಜೋ ಮರ್ಸರ್, ಕ್ಲಿಫ್ ಬ್ರಿಟನ್ ಮೂವರನ್ನೂ ಹೀಗೆ ಕಣಕ್ಕಿಳಿಸಿತ್ತು. ‘ಅತಿಥಿ ಆಟಗಾರ’ ಎಂದು ಬರೆದರೆ ಔತಣಕ್ಕೆ ಬಂದ ಗಣ್ಯನ ಚಿತ್ರ ಮೂಡೀತೆಂಬ ಅಳುಕು ಮೊದಲಿತ್ತು. ನಮ್ಮ ಕಾಲೇಜುಗಳ ‘ಅತಿಥಿ ಉಪನ್ಯಾಸಕ’ರು ಆ ಭ್ರಮೆಯನ್ನು ಎಂದೋ ಕಳೆದಿದ್ದಾರೆ, ಆರಂಭದಲ್ಲಿ ಪಂದ್ಯಕ್ಕೆ 30 ಶಿಲಿಂಗ್ ಪಡೆಯುತ್ತಿದ್ದ ಈ ಆಟಗಾರರಿಗೆ ಅದೇ ಸರಿಯೆಂದು ಇಟ್ಟುಕೊಂಡಿದ್ದೇನೆ. ‘ಎರವಲು ಆಟಗಾರ’ ಬೇಡ. ಕ್ಲಬ್ಬುಗಳು ಒಪ್ಪಂದ ಮಾಡಿಕೊಂಡು ಆಟಗಾರನನ್ನು ಕಳುಹಿಸುವ ಇಂದಿನ ವ್ಯವಸ್ಥೆಗೆ ಆ ಹೆಸರು ಮೀಸಲಿರಲಿ.

ಹಳೆಯ ಪತ್ರಿಕೆಗಳಲ್ಲಾಗಲಿ ಗ್ರಂಥಗಳಲ್ಲಾಗಲಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬುದನ್ನು ತಿರಸ್ಕಾರದ ಎಳೆಯಿಲ್ಲದೆ ಬಳಸಿದ್ದನ್ನು ಯಾರಾದರೂ ಕಂಡಿದ್ದರೆ, ಆ ವಾಕ್ಯವನ್ನು ಇಡಿಯಾಗಿ ಬರೆದು ತಿಳಿಸಬೇಕೆಂದು ಕೋರುತ್ತೇನೆ.